ಹೊಸ ಕಾರಿನ ಮೊದಲ ಆಯಿಲ್: ಸಾವಿರ ಕಿಲೋಮೀಟರ್ ಲೆಕ್ಕ ಎಲ್ಲಿಂದ ಬಂತು?

ನಮ್ಮ ಮನೆಯ ಹೊಸ ಕಾರು ಸಾವಿರ ಕಿಲೋಮೀಟರ್ ಮುಟ್ಟುವ ಹೊತ್ತಿಗೆ ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಮೇಸ್ತ್ರಿಯೊಬ್ಬರು, ‘ಮೊದಲು ಆಯಿಲ್ ಇಳಿಸಿಬಿಡಿ ಸಾರ್’ ಎಂದರು. ಷೋರೂಮಿನವರು ಹತ್ತು ಸಾವಿರದವರೆಗೆ ಮುಟ್ಟುವುದೇ ಬೇಡ ಎಂದರು. ಮೇಸ್ತ್ರಿಯ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ.

ಅವರು ಕೆಲಸ ಕಲಿತದ್ದು ಅಂಬಾಸಿಡರ್, ಪದ್ಮಿನಿ ಎಂಜಿನ್‌ಗಳ ಮೇಲೆ. ಸಿಲಿಂಡರಿನ ಒಳಗೋಡೆಗೆ ಕಾರ್ಖಾನೆಯಲ್ಲಿ ಹೋನಿಂಗ್ ಮಾಡಿ, ಅಂದರೆ ಸಾಣೆಕಲ್ಲಿನಿಂದ ಉಜ್ಜಿ, ಒಂದನ್ನೊಂದು ಅಡ್ಡಹಾಯುವ ಸಣ್ಣ ಗೀರುಗಳನ್ನು ಮೂಡಿಸುತ್ತಾರೆ. ಆಯಿಲ್ ನಿಲ್ಲುವುದು ಆ ಗೀರುಗಳಲ್ಲೇ. ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ನಿನ ಸುತ್ತ ಬಳೆಯಂತೆ ಕೂರುವ ಲೋಹದ ರಿಂಗಿಗೆ ಗೀರಿನ ಏಣುಗಳು ಉಜ್ಜಿ ಸವೆದ ಮೇಲೆಯೇ ರಿಂಗ್ ಸರಿಯಾಗಿ ಕೂರುತ್ತದೆ. ಸವೆದ ಲೋಹದ ಪುಡಿ ಆಯಿಲಿಗೆ ಸೇರುತ್ತದೆ. ಹಳೆಯ ಎಂಜಿನ್‌ಗಳಲ್ಲಿ ಈ ಏಣುಗಳು ಒರಟಾಗಿದ್ದವು. ಆದ್ದರಿಂದಲೇ ‘ರನ್ನಿಂಗ್ ಇನ್’ ಎಂದು ನಿಧಾನ ಓಡಿಸುವುದು, ಬೇಗನೆ ಆಯಿಲ್ ಬದಲಿಸುವುದು ರೂಢಿಗೆ ಬಂತು. ಎಂಜಿನ್ ತಳದ ಆಯಿಲ್ ಚೇಂಬರಿನ ಬೋಲ್ಟ್ ಬಿಚ್ಚಿ, ಇಳಿದ ಆಯಿಲನ್ನು ಬೆರಳಲ್ಲಿ ತೀಡಿ ಬಿಸಿಲಿಗೆ ಹಿಡಿದರೆ ಬೆಳ್ಳಿಪುಡಿಯಂತೆ ಮಿನುಗುತ್ತದೆ. ಅದನ್ನು ವರ್ಷಗಟ್ಟಲೆ ಕಣ್ಣಾರೆ ಕಂಡವರು ಹತ್ತು ಸಾವಿರದ ಮಾತನ್ನು ಸುಲಭಕ್ಕೆ ನಂಬುವುದಿಲ್ಲ.

ಫಿಲ್ಟರಿನ ಕಥೆಯೂ ಇಲ್ಲಿ ಸೇರುತ್ತದೆ. ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ 1923ರಲ್ಲಿ ‘ಪ್ಯೂರೊಲೇಟರ್’ ಎಂಬ ಆಯಿಲ್ ಫಿಲ್ಟರನ್ನು ರೂಪಿಸಿದರು. ಆರಂಭದ ಫಿಲ್ಟರ್‌ಗಳಲ್ಲಿ ಹಾಯುತ್ತಿದ್ದುದು ಆಯಿಲಿನ ಒಂದು ಪಾಲು ಮಾತ್ರ; ಉಳಿದದ್ದು ಪುಡಿಯ ಸಮೇತ ಎಂಜಿನ್ನಿನಲ್ಲೇ ಸುತ್ತುತ್ತಿತ್ತು. ಪೂರ್ತಿ ಆಯಿಲ್ ಸೋಸುವ ಫಿಲ್ಟರ್ ಸಾಮಾನ್ಯವಾದದ್ದು ಆಮೇಲೆ.

ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅಲ್ಲಿಂದೀಚೆಗೆ ಹೋನಿಂಗ್ ನಯವಾಗುತ್ತಾ ಬಂತು, ಆಯಿಲ್ ಸುಧಾರಿಸಿತು. 2020ರ ಏಪ್ರಿಲ್‌ನಿಂದ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಯಾದ ಮೇಲಿನ ಅನೇಕ ಪೆಟ್ರೋಲ್ ಕಾರುಗಳಿಗೆ 0ಡಬ್ಲ್ಯೂ-20ರಂಥ ತೆಳು ಆಯಿಲ್ ಬೇಕು. ಹಲವು ಕಂಪನಿಗಳ ಸಾವಿರ ಕಿಲೋಮೀಟರ್ ಸರ್ವಿಸ್ ಈಗ ಬರೀ ತಪಾಸಣೆ. ಕಾರ್ಖಾನೆಯಲ್ಲಿ ತುಂಬಿದ ಆಯಿಲನ್ನು ಅವಧಿಗೆ ಮೊದಲು ತೆಗೆಯಬೇಡಿ ಎಂದು ಹೋಂಡಾ ಹೇಳುತ್ತದೆ; ಎಂಜಿನ್ ಹೊಂದಿಕೊಳ್ಳಲು ಬೇಕಾದ ಅಂಶಗಳು ಅದರಲ್ಲಿವೆ.

ಆದರೆ ಕೈಪಿಡಿಯಲ್ಲಿ ‘ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದಿದ್ದರೆ ನಾವು ಓದುವುದು ಮೊದಲರ್ಧ ಮಾತ್ರ. ಮನೆಯಿಂದ ಬೆಣ್ಣೆದೋಸೆ ಹೋಟೆಲಿಗೆ, ಅಲ್ಲಿಂದ ಅಂಗಡಿಗೆ ಎಂದು ಎರಡೆರಡು ಕಿಲೋಮೀಟರ್ ಓಡುವ ಕಾರಿನ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ನೀರಿನ ಪಸೆ, ಉರಿಯದ ಪೆಟ್ರೋಲ್ ಆಯಿಲಿನಲ್ಲೇ ಉಳಿಯುತ್ತವೆ. ಚಿತ್ರದುರ್ಗದ ಭೀಮಸಮುದ್ರದ ಕಡೆ ಅದಿರಿನ ದೂಳಿನಲ್ಲಿ ಓಡುವ ಕಾರಿನದು ಇನ್ನೊಂದು ಪಾಡು. ಇಂಥ ಬಳಕೆಯನ್ನು ಕೈಪಿಡಿಗಳು ಕಠಿಣ ಬಳಕೆ ಎಂದು ಬೇರೆಯಾಗಿಯೇ ಪಟ್ಟಿ ಮಾಡಿ, ಅವಧಿಯನ್ನು ಕಡಿಮೆ ಮಾಡುತ್ತವೆ. ನಮ್ಮ ಊರಿನ ಬಹಳಷ್ಟು ಕಾರುಗಳು ಆ ಪಟ್ಟಿಗೇ ಸೇರುತ್ತವೆ ಎಂಬುದು ನನ್ನ ಅಭಿಪ್ರಾಯ.

ನಾನು ಐದು ಸಾವಿರ ಕಿಲೋಮೀಟರಿಗೆ, ಕೈಪಿಡಿ ಹೇಳಿದ ಗ್ರೇಡನ್ನೇ ಹಾಕಿಸಿ, ಬಿಲ್ಲನ್ನು ಕಾರಿನಲ್ಲೇ ಇಟ್ಟೆ. ಅಲ್ಲಿಯವರೆಗೆ ಎರಡು ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ ಎಂಜಿನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು, ಆಯಿಲಿನ ಮಟ್ಟ ತೋರಿಸುವ ಕಡ್ಡಿಯನ್ನು (ಡಿಪ್‌ಸ್ಟಿಕ್) ಒರೆಸಿ, ಮತ್ತೆ ಅದ್ದಿ ನೋಡುತ್ತಿದ್ದೆ. ರಿಂಗ್ ಕೂರುವವರೆಗೆ ಹೊಸ ಎಂಜಿನ್ ಒಂದಿಷ್ಟು ಆಯಿಲ್ ಕುಡಿಯುವುದುಂಟು.