ಗಡಿ ದಾಟುವ ಬಾತಿಗೆ ಪುಕ್ಕವಿರುವ ರೆಕ್ಕೆ ಏಕೆ ಬೇಕು?

ಮಂಗಳೂರಿನಿಂದಲೋ ಉಡುಪಿಯಿಂದಲೋ ಹೋಗಿ ಉತ್ತರ ಅಮೆರಿಕದಲ್ಲಿ ನೆಲೆಸಿದವರಲ್ಲಿ ಕೆಲವರು ಲೈಸೆನ್ಸ್ ಮಾಡಿಸಿಕೊಂಡು ಅಲ್ಲಿನ ಗೆಳೆಯರ ಜೊತೆ ಬಾತು ಬೇಟೆಗೆ ಹೋಗುವುದುಂಟು. ಬೇಟೆಯೆಂದರೆ ಅರಣ್ಯ ಇಲಾಖೆಯ ಕೇಸು ಎಂದೇ ತಿಳಿದು ಬೆಳೆದ ನಮ್ಮ ಕಡೆಯವರಿಗೆ ಇದು ವಿಚಿತ್ರವಾಗಿ ಕಂಡರೂ ಅಲ್ಲಿ ಅದು ಕಾನೂನಿಗೆ ಒಳಪಟ್ಟ ಹವ್ಯಾಸ. ಆದರೆ ಕೆನಡಾದಲ್ಲಿ ಹೊಡೆದ ಬಾತನ್ನು ಅಮೆರಿಕದ ಮನೆಗೆ ಒಯ್ಯಬೇಕಾದರೆ, ಪ್ರತಿ ಹಕ್ಕಿಯ ಒಂದು ರೆಕ್ಕೆಯಾದರೂ ಪುಕ್ಕಸಮೇತ ದೇಹಕ್ಕೆ ಅಂಟಿಕೊಂಡೇ ಇರಬೇಕು.

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಬಾತುಗಳನ್ನು ಹೊಡೆದು ಪೀಪಾಯಿಗಳಲ್ಲಿ ತುಂಬಿ ರೈಲಿನಲ್ಲಿ ನಗರದ ಮಾರುಕಟ್ಟೆಗಳಿಗೆ ಕಳಿಸುವುದೇ ಒಂದು ಕಸುಬಾಗಿತ್ತು. ಒಂದು ರಾಜ್ಯದಲ್ಲಿ ಅಕ್ರಮವಾಗಿ ಕೊಂದ ಹಕ್ಕಿಯನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸಕೂಡದೆಂದು 1900ರ ಲೇಸಿ ಕಾಯ್ದೆ ವಿಧಿಸಿತು. ಒಂದು ಕಾಲಕ್ಕೆ ಆಕಾಶವನ್ನೇ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಎರಡು ವರ್ಷದ ನಂತರ, 1916ರ ಆಗಸ್ಟ್‌ನಲ್ಲಿ, ವಲಸೆ ಹಕ್ಕಿಗಳ ರಕ್ಷಣೆಗಾಗಿ ಅಮೆರಿಕ ಮತ್ತು ಬ್ರಿಟನ್ ಒಪ್ಪಂದ ಮಾಡಿಕೊಂಡವು. ಕೆನಡಾದ ಪರವಾಗಿ ಸಹಿ ಹಾಕುವ ಅಧಿಕಾರ ಆಗ ಲಂಡನ್ನಿನದಾಗಿತ್ತು. ಹಕ್ಕಿಗಳು ರಾಜ್ಯದ ಸೊತ್ತು, ಕೇಂದ್ರಕ್ಕೆ ಇದರಲ್ಲಿ ಏನು ಕೆಲಸ ಎಂದು ಮಿಸೌರಿ ರಾಜ್ಯ ತಕರಾರು ತೆಗೆದಾಗ, 1920ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಂದದ ಪರವಾಗಿಯೇ ತೀರ್ಪು ಕೊಟ್ಟಿತು.

ಆ ಒಪ್ಪಂದದ ಬೆನ್ನಿಗೆ ಬಂದ ಬೇಟೆ ಕಾನೂನಿನಲ್ಲಿ ಎಷ್ಟು ಹಕ್ಕಿ ಹೊಡೆಯಬಹುದೆಂಬ ಮಿತಿ ಜಾತಿಯಿಂದ ಜಾತಿಗೆ ಬೇರೆಬೇರೆ. ಪುಕ್ಕ ಕಿತ್ತು ತೊಳೆದಿಟ್ಟ ಬಾತುಗಳಲ್ಲಿ ಯಾವುದು ಯಾವ ಜಾತಿಯದೆಂದು ಅನುಭವಿ ಬೇಟೆಗಾರನೂ ಖಚಿತವಾಗಿ ಹೇಳಲಾರ. ಪುಕ್ಕವಿದ್ದಾಗಲೂ ಹೆಣ್ಣು ಬಾತುಗಳು ಬಹುಮಟ್ಟಿಗೆ ಒಂದೇ ತೆರನ ಕಂದು. ಗುರುತು ಹಿಡಿಯಲು ರೆಕ್ಕೆ ಬಿಡಿಸಿ ನೋಡಬೇಕು: ಮಲ್ಲಾರ್ಡ್ ಎಂಬ ಜಾತಿಯ ಬಾತಿನ ರೆಕ್ಕೆಯಲ್ಲಿ ನೀಲಿ-ನೇರಳೆ ಪಟ್ಟಿಯ ಹಿಂದೆಯೂ ಮುಂದೆಯೂ ಎದ್ದು ಕಾಣುವ ಬಿಳಿ ಅಂಚಿರುತ್ತದೆ, ಅದರ ಹತ್ತಿರದ ಬಂಧುವಾದ ಕಪ್ಪು ಬಾತಿಗೆ ಮುಂದಿನ ಬಿಳಿ ಅಂಚು ಇರುವುದಿಲ್ಲ. ಗಡಿಠಾಣೆಯ ಅಧಿಕಾರಿಗೆ ಅಷ್ಟು ಸಾಕು. ಬೇಟೆಗಾರನ ಮನೆಯನ್ನೋ ಹಕ್ಕಿಯನ್ನು ಸಂಸ್ಕರಿಸುವ ಕೇಂದ್ರವನ್ನೋ ಮುಟ್ಟುವವರೆಗೆ ಆ ರೆಕ್ಕೆಯನ್ನು ಕತ್ತರಿಸುವಂತಿಲ್ಲ; ಬೇರೊಬ್ಬರು ಹೊಡೆದ ಹಕ್ಕಿಯನ್ನು ತನ್ನದೆಂದು ಗಡಿ ದಾಟಿಸುವಂತೆಯೂ ಇಲ್ಲ.

ಈ ವ್ಯವಸ್ಥೆಗೆ ಪೆಟ್ಟು ಕೊಟ್ಟದ್ದು ಹಕ್ಕಿಜ್ವರ. 2021ರ ಕೊನೆಯಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕಾಣಿಸಿಕೊಂಡ ಎಚ್5ಎನ್1 ವೈರಸ್ ಮರುವರ್ಷ ಖಂಡದ ಉದ್ದಗಲಕ್ಕೂ ಹಬ್ಬಿತು. 2022ರ ಸೆಪ್ಟೆಂಬರ್‌ನಲ್ಲಿ, ಬೇಟೆಯ ಹಂಗಾಮು ಶುರುವಾಗುವ ಹೊತ್ತಿಗೆ ಸರಿಯಾಗಿ, ಕೆನಡಾದ ಸೋಂಕಿತ ಪ್ರಾಂತಗಳಿಂದ ಬೇಟೆಯ ಹಕ್ಕಿಯ ಮಾಂಸ ತರುವುದನ್ನು ಅಮೆರಿಕದ ಕೃಷಿ ಇಲಾಖೆ ತಡೆಹಿಡಿಯಿತು. ಬೇಟೆಗಾರರ ಆಕ್ಷೇಪದ ನಡುವೆ ಆ ತಿಂಗಳಲ್ಲೇ ನಿಯಮ ಸಡಿಲವಾಯಿತು: ಕರುಳು, ತಲೆ, ಕುತ್ತಿಗೆ, ಪಾದ, ಚರ್ಮ, ಪುಕ್ಕ ಎಲ್ಲವನ್ನೂ ತೆಗೆದು, ಶುದ್ಧ ನೀರಿನಲ್ಲಿ ತೊಳೆದು, ಸೋರದ ಪ್ಲಾಸ್ಟಿಕ್ ಚೀಲದಲ್ಲಿ ತಣ್ಣಗಿಟ್ಟು ತರಬಹುದು. ರೋಗದ ದೃಷ್ಟಿಯಿಂದ ಪುಕ್ಕವೇ ಅಪಾಯ, ಬೇಟೆ ಕಾನೂನಿಗೆ ಪುಕ್ಕವೇ ಸಾಕ್ಷಿ. ಆದ್ದರಿಂದ ಆ ಒಂದು ರೆಕ್ಕೆಗೆ ಮಾತ್ರ ವಿನಾಯಿತಿ ಸಿಕ್ಕಿತು. ಇಲಾಖೆಗಳು ಮೊದಲೇ ಮಾತಾಡಿಕೊಂಡಿದ್ದರೆ ಆ ಗೊಂದಲವೇ ಇರುತ್ತಿರಲಿಲ್ಲ ಎನ್ನಿಸುತ್ತದೆ.

ಅಲ್ಲಿ ಕಾನೂನುಬದ್ಧವಾಗಿ ಹೊಡೆದದ್ದನ್ನು ಫ್ರೀಜ್ ಮಾಡಿ ಊರಿಗೂ ತರಬಹುದೇ? ನಮ್ಮಲ್ಲಿಯೂ 1972ರ ವನ್ಯಜೀವಿ ಕಾಯ್ದೆಯ ಮೊದಲ ರೂಪದಲ್ಲಿ ಲೈಸೆನ್ಸ್ ಪಡೆದು ಬೇಟೆಯಾಡಲು ಅವಕಾಶವಿತ್ತು; 1991ರ ತಿದ್ದುಪಡಿಯೊಂದಿಗೆ ಆ ದಾರಿ ಮುಚ್ಚಿತು. ಆದರೆ ಹೊರಗಿನಿಂದ ತರುವುದಕ್ಕೆ ಅಡ್ಡ ಬರುವುದು 1898ರ ಜಾನುವಾರು ಆಮದು ಕಾಯ್ದೆ. 2001ರ ತಿದ್ದುಪಡಿಯಿಂದ ಮಾಂಸದಂಥ ಉತ್ಪನ್ನಗಳೂ ಅದರೊಳಗೆ ಬಂದವು. ಹಕ್ಕಿಜ್ವರವಿರುವ ದೇಶಗಳಿಂದ ಬರುವ, ಸಂಸ್ಕರಿಸದ ಹಕ್ಕಿ ಮಾಂಸವನ್ನು ಕಾಡುಹಕ್ಕಿಯನ್ನೂ ಸೇರಿಸಿಯೇ 2011ರ ಅಧಿಸೂಚನೆ ನಿಷೇಧಿಸಿತು. ಇದನ್ನು ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ಒಯ್ದಿತು, 2015ರಲ್ಲಿ ಭಾರತ ಸೋತಿತು. ಆದರೆ ಆ ವ್ಯಾಜ್ಯದ ತಿರುಳು ಕೋಳಿ ಮಾಂಸ, ಮೊಟ್ಟೆಗಳ ವ್ಯಾಪಾರವೇ ಹೊರತು ಪ್ರಯಾಣಿಕರ ಪೆಟ್ಟಿಗೆಯಲ್ಲ. ಮಾಂಸ ತರುವವರು ಇಂದಿಗೂ ಮೊದಲೇ ಕೇಂದ್ರ ಸರ್ಕಾರದಿಂದ ಆಮದು ಪರವಾನಗಿ ಪಡೆದಿರಬೇಕು, ಪ್ರಾಣಿ ಕ್ವಾರಂಟೈನ್ ತಪಾಸಣೆಗೂ ಒಪ್ಪಿಸಬೇಕು. ಕ್ರಿಸ್ಮಸ್ ರೋಸ್ಟಿಗೆಂದು ಬಾತು ಹೊತ್ತು ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿಯುವವರಿಗೆ ಪುಕ್ಕದ ರೆಕ್ಕೆಯೂ ಕೆನಡಾದ ಲೈಸೆನ್ಸೂ ಇಲ್ಲಿ ಉಪಯೋಗಕ್ಕೆ ಬಾರವು.