ಸಂಬಳ ಬಾಕಿ ಇರುವಾಗ ಹಡಗಿನಿಂದ ಇಳಿದು ಬಂದರೆ ದುಡ್ಡು ಹೋಗುತ್ತಾ?

ಪ್ರಶ್ನೆ: ನನ್ನ ತಮ್ಮ ಸರಕು ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಮೂರು ತಿಂಗಳಿಂದ ಸಂಬಳ ಬಂದಿಲ್ಲ. ಹಡಗು ಬಂದರಿನ ಹೊರಗೆ ಲಂಗರು ಹಾಕಿ ನಿಂತಿದೆ. ಕೇಳಿದಾಗಲೆಲ್ಲ ಕಂಪನಿಯವರು ‘ಮುಂದಿನ ವಾರ ಹಾಕ್ತೀವಿ’ ಅನ್ನುತ್ತಾರೆ. ಈಗ ಇಳಿದು ಬಂದರೆ ಬಾಕಿ ಸಂಬಳ ಕೈತಪ್ಪುತ್ತೆ ಅಂತ ಅವನಿಗೆ ಭಯ. ನಾವಿಕರ ಕಾನೂನು ಬದಲಾಗಿದೆ ಅಂತ ಕೇಳಿದ್ದೇವೆ. ಅದರಿಂದ ಅವನಿಗೆ ಏನಾದರೂ ಉಪಯೋಗ ಇದೆಯಾ?

ಉತ್ತರ: ಇದೆ. ಇಳಿದು ಬಂದ ಮಾತ್ರಕ್ಕೆ ಬಾಕಿ ಸಂಬಳದ ಹಕ್ಕು ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಸುಮ್ನೆ ಕಾಯುತ್ತಾ ಕೂರುವುದರಲ್ಲಿದೆ. ಹಡಗಿನಲ್ಲೇ ಇದ್ದರೆ ದುಡ್ಡಿಗೆ ಕಾವಲು ಕೂತಂತೆ ಅಂತ ತುಂಬಾ ಜನ ನಂಬಿದ್ದಾರೆ. ಈಗಿನ ಕಾನೂನಿನ ಲೆಕ್ಕದಲ್ಲಿ ಅದು ಪೂರ್ತಿ ನಿಜ ಅಲ್ಲ.

ಮೊದಲು ಸಮಸ್ಯೆ ಎಲ್ಲಿಂದ ಹುಟ್ಟುತ್ತೆ ನೋಡಿ. ಹಡಗಿನ ಮಾಲೀಕ ಒಂದು ದೇಶದವನು. ಹಡಗಿನ ಮೇಲಿರುವ ಬಾವುಟ ಇನ್ನೊಂದು ದೇಶದ್ದು. ಕೆಲಸಗಾರರು ಬೇರೆ ನಾಲ್ಕು ದೇಶದವರು. ಹಡಗು ಸಿಕ್ಕಿಹಾಕಿಕೊಂಡಿರುವುದು ಇವ್ಯಾವುದೂ ಅಲ್ಲದ ದೇಶದ ಬಂದರಿನಲ್ಲಿ. ಕಾನೂನಿನ ಪ್ರಕಾರ ಹಡಗು ಬಾವುಟದ ದೇಶಕ್ಕೆ ಸೇರಿದ್ದು. ಜಗತ್ತಿನ ಹಡಗುಗಳಲ್ಲಿ ದೊಡ್ಡ ಪಾಲು ಪನಾಮಾ, ಲೈಬೀರಿಯಾ, ಮಾರ್ಷಲ್ ಐಲ್ಯಾಂಡ್ಸ್ ಬಾವುಟದಡಿ ಓಡಾಡುತ್ತವೆ. ಮಾಲೀಕ ಆ ದೇಶಕ್ಕೆ ಒಮ್ಮೆಯೂ ಕಾಲಿಟ್ಟಿರಬೇಕು ಅಂತೇನೂ ಇಲ್ಲ. ಸಂಬಳ ನಿಂತಾಗ ಯಾರ ಬಾಗಿಲು ತಟ್ಟುವುದು?

ಈ ಗೋಜಲನ್ನು ಬಿಡಿಸಲು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2006ರ ಫೆಬ್ರವರಿಯಲ್ಲಿ ಜಿನೀವಾದಲ್ಲಿ ಕಡಲ ಕಾರ್ಮಿಕರ ಒಪ್ಪಂದವೊಂದನ್ನು ಅಂಗೀಕರಿಸಿತು. ಹಡಗಿನವರ ಬಾಯಲ್ಲಿ ಅದು ಎಂಎಲ್‌ಸಿ. 2013ರ ಆಗಸ್ಟ್ 20ರಂದು ಜಾರಿಗೆ ಬಂತು. ಈಗ ನೂರಕ್ಕೂ ಹೆಚ್ಚು ದೇಶಗಳು ಒಪ್ಪಿವೆ. ಇದರಲ್ಲಿ ಒಂದು ಜಾಣ ಏರ್ಪಾಡಿದೆ. ಬಾವುಟದ ದೇಶ ಸಹಿ ಹಾಕದಿದ್ದರೂ, ಸಹಿ ಹಾಕಿದ ದೇಶದ ಬಂದರಿಗೆ ಹಡಗು ಬಂದರೆ ಅಲ್ಲಿನ ಇನ್‌ಸ್ಪೆಕ್ಟರ್ ಹತ್ತಿ ತಪಾಸಣೆ ಮಾಡಬಹುದು. ‘ನಮ್ಮ ದೇಶ ಒಪ್ಪಿಲ್ಲ, ನಮಗಿದು ಅನ್ವಯಿಸಲ್ಲ’ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಒಪ್ಪಂದ ಒಂದು ಸಲ ಬರೆದು ಕಪಾಟಿನಲ್ಲಿಟ್ಟದ್ದೂ ಅಲ್ಲ. ಸರ್ಕಾರ, ಮಾಲೀಕರು, ನಾವಿಕರು ಮೂವರ ಪ್ರತಿನಿಧಿಗಳೂ ಕೂತು ತಿದ್ದುತ್ತಲೇ ಇರುತ್ತಾರೆ. ತಿದ್ದುಪಡಿ ತಡೆಯಬೇಕಾದರೆ ಒಪ್ಪಿದ ದೇಶಗಳಲ್ಲಿ ಶೇ. 40ಕ್ಕಿಂತ ಜಾಸ್ತಿ ದೇಶಗಳು ಬೇಡ ಅನ್ನಬೇಕು. ಹಡಗುಗಳ ಒಟ್ಟು ಟನೇಜಿನಲ್ಲೂ (ಹಡಗುಗಳ ಗಾತ್ರದ ಲೆಕ್ಕ) ಅವುಗಳ ಪಾಲು ಕನಿಷ್ಠ ಶೇ. 40 ಇರಬೇಕು. ಅಷ್ಟು ವಿರೋಧ ಬರದಿದ್ದರೆ ತಿದ್ದುಪಡಿ ತಾನಾಗಿ ಜಾರಿಯಾಗುತ್ತದೆ.

ನಿಮ್ಮ ತಮ್ಮನಿಗೆ ಮುಖ್ಯವಾದದ್ದು 2017ರ ಜನವರಿ 18ರಂದು ಜಾರಿಗೆ ಬಂದ ತಿದ್ದುಪಡಿ. ನಾವಿಕರನ್ನು ‘ಕೈಬಿಡುವುದು’ ಅಂದರೆ ಏನು ಅಂತ ಅದು ಬಿಡಿಸಿ ಹೇಳಿತು. ಮನೆಗೆ ಕಳಿಸುವ ಖರ್ಚನ್ನು ಮಾಲೀಕ ಕೊಡದಿದ್ದರೆ ಕೈಬಿಟ್ಟ ಹಾಗೆ. ಊಟ, ನೀರು, ಜನರೇಟರಿಗೆ ಇಂಧನ, ಔಷಧ ಇಲ್ಲದೆ ಬಿಟ್ಟರೂ ಹಾಗೆಯೇ. ತಾನಾಗಿ ಸಂಬಂಧ ಕಡಿದುಕೊಂಡರೂ ಹಾಗೆಯೇ, ಅದರಲ್ಲಿ ಕನಿಷ್ಠ ಎರಡು ತಿಂಗಳ ಸಂಬಳ ಕೊಡದಿರುವುದೂ ಸೇರುತ್ತದೆ. ಈ ಮೂರೂ ಒಟ್ಟಿಗೆ ಆಗಬೇಕಿಲ್ಲ, ಒಂದಾದರೂ ಸಾಕು. ಮೂರು ತಿಂಗಳು ಸಂಬಳ ಬಂದಿಲ್ಲ ಅಂದಿರಿ. ಅಂದರೆ ಗೆರೆ ದಾಟಿ ಒಂದು ತಿಂಗಳಾಯಿತು.

ಇಂಥ ಹೊತ್ತಿಗೆಂದೇ ಮಾಲೀಕ ಮೊದಲೇ ವಿಮೆ ಮಾಡಿಸಿರಬೇಕು. ಸಾಮಾನ್ಯವಾಗಿ ಇದನ್ನು ಕೊಡುವುದು ಹಡಗು ಮಾಲೀಕರ ಪಿ ಅಂಡ್ ಐ ಕ್ಲಬ್‌ಗಳು. ಕ್ಲಬ್ ಅಂದರೆ ಕ್ರಿಕೆಟ್ ಕ್ಲಬ್ ಅಲ್ಲ, ಮಾಲೀಕರೇ ಸೇರಿ ನಡೆಸುವ ವಿಮಾ ಕೂಟ. ವಿಮೆ ಇದೆ ಅನ್ನುವುದಕ್ಕೆ ಪ್ರಮಾಣಪತ್ರ ಹಡಗಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು. ಸಾಮಾನ್ಯವಾಗಿ ಮೆಸ್ ರೂಮಿನ ಹತ್ತಿರದ ಬೋರ್ಡಿನಲ್ಲಿ, ಅಗ್ನಿಶಾಮಕ ನಕ್ಷೆಗಳ ಪಕ್ಕದಲ್ಲಿ ಇರುತ್ತದೆ. ದಿನಾ ಊಟಕ್ಕೆ ಹೋಗುವಾಗ ಅದರ ಮುಂದೆಯೇ ಹಾದುಹೋಗುತ್ತಾರೆ. ಓದುವವರು ಕಡಿಮೆ.

ಅದರಲ್ಲಿ ಹಡಗಿನ ಹೆಸರು, ನೋಂದಣಿ ಬಂದರು, ಐಎಂಒ ಸಂಖ್ಯೆ (ಹಡಗಿನ ಗುರುತಿನ ಸಂಖ್ಯೆ), ಮಾಲೀಕನ ಹೆಸರು, ವಿಮೆ ಕೊಟ್ಟವರ ಹೆಸರು ಮತ್ತು ವಿಳಾಸ, ಅವಧಿ ಎಲ್ಲ ಇರುತ್ತದೆ. ಇದೆಲ್ಲಕ್ಕಿಂತ ಬೆಲೆಬಾಳುವುದು ಒಂದು ಸಾಲು. ನಾವಿಕರು ಸಹಾಯ ಕೇಳಬೇಕಾದರೆ ಯಾರನ್ನು ಸಂಪರ್ಕಿಸಬೇಕು ಅನ್ನುವ ವಿವರ. ಈ ಸಹಾಯ ಕೇಳಲು ಮಾಲೀಕನ ಒಪ್ಪಿಗೆ ಬೇಕಿಲ್ಲ. ಕೈಬಿಟ್ಟ ಸ್ಥಿತಿಯಲ್ಲಿರುವ ನಾವಿಕ ನೇರವಾಗಿ ವಿಮೆಯವರನ್ನೇ ಕೇಳಬಹುದು. ಅವಧಿ ಮುಗಿಯುವ ಮುಂಚೆ ವಿಮೆ ನಿಲ್ಲಿಸಬೇಕಾದರೆ ವಿಮೆಯವರು ಬಾವುಟದ ದೇಶಕ್ಕೆ ಕನಿಷ್ಠ 30 ದಿನ ಮೊದಲು ತಿಳಿಸಬೇಕು. ರಾತ್ರೋರಾತ್ರಿ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕೈಬಿಟ್ಟಾಗ ಈ ವಿಮೆಯಿಂದ ಬಾಕಿ ಸಂಬಳ ಸಿಗುತ್ತದೆ, ಆದರೆ ಮಿತಿ ನಾಲ್ಕು ತಿಂಗಳು. ಜೊತೆಗೆ ಮನೆಗೆ ಕಳಿಸುವ ಖರ್ಚು, ಮನೆ ಮುಟ್ಟುವವರೆಗಿನ ಊಟ, ವಸತಿ, ಬೇಕಾದ ವೈದ್ಯಕೀಯ ಆರೈಕೆ. ಸಾಮಾನ್ಯವಾಗಿ ವಿಮಾನದಲ್ಲೇ ಕಳಿಸಬೇಕು. ಬಾಕಿ ಮೂರು ತಿಂಗಳಿದ್ದರೆ ಮೂರೂ ತಿಂಗಳದ್ದು ವಿಮೆಯೊಳಗೆ ಬರುತ್ತದೆ. ಒಂಬತ್ತು ತಿಂಗಳಾದರೆ? ಆಗಲೂ ನಾಲ್ಕೇ. ಉಳಿದ ಐದು ತಿಂಗಳ ದುಡ್ಡಿಗೆ ಹಡಗಿನ ಮೇಲೆಯೇ ದಾವೆ ಹೂಡಬೇಕು. ನಾವಿಕರ ಸಂಬಳದ ಹಕ್ಕು ಹಡಗಿಗೇ ಅಂಟಿಕೊಂಡಿರುತ್ತದೆ. ಹಡಗು ಹರಾಜಾದರೆ ಬ್ಯಾಂಕಿನ ಸಾಲಕ್ಕಿಂತ ಮೊದಲು ನಾವಿಕರಿಗೆ ಕೊಡಬೇಕು ಅನ್ನುವುದು ಹೆಚ್ಚಿನ ಕಡಲ ದೇಶಗಳಲ್ಲಿ ಇರುವ ನಿಯಮ. ಓದಲು ಚೆನ್ನಾಗಿದೆ, ಅಲ್ವಾ? ಆದರೆ ಹರಾಜಿಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಿಡಿಯುತ್ತದೆ. ತುಕ್ಕು ಹಿಡಿದ ಹಡಗಿಗೆ ಗುಜರಿ ಬೆಲೆ ಬಂದರೆ ಪುಣ್ಯ. ಹಾಗಾಗಿ ನಾಲ್ಕು ತಿಂಗಳಾದ ಮೇಲೆ ಕಾದಷ್ಟೂ ಹೊಸ ಬಾಕಿಯೆಲ್ಲ ವಿಮೆಯ ಹೊರಗೆ ಬೀಳುತ್ತಾ ಹೋಗುತ್ತದೆ. ಕಂಪನಿಯ ‘ಮುಂದಿನ ವಾರ’ ಯಾರಿಗೆ ಲಾಭ ಅಂತ ನೀವೇ ನೋಡಿ.

ಕಾಯುವುದು ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಎಂವಿ ಅಮಾನ್ ಅನ್ನುವ ಹಡಗಿನ ಕಥೆ ಇದೆ. 2017ರ ಜುಲೈನಲ್ಲಿ ಈಜಿಪ್ಟಿನ ಅದಬಿಯಾ ಬಂದರಿನಲ್ಲಿ ಅದನ್ನು ತಡೆಹಿಡಿದರು. ಸುರಕ್ಷತೆಯ ಪತ್ರಗಳ ಅವಧಿ ಮುಗಿದಿತ್ತು. ಅಲ್ಲಿನ ಕೋರ್ಟು ಹಡಗಿನ ಚೀಫ್ ಆಫೀಸರನ್ನು ಅದರ ಕಾನೂನುಬದ್ಧ ಪಾಲಕ ಅಂತ ಮಾಡಿತು. ಆತ ಸಿರಿಯಾದವರು. ಆ ಆದೇಶದ ಕಾಗದಕ್ಕೆ ಸಹಿ ಹಾಕಿದಾಗ ಅದರ ಅರ್ಥ ಅವರಿಗೆ ಪೂರ್ತಿ ಗೊತ್ತಿರಲಿಲ್ಲ. ಜೊತೆಯವರು ಒಬ್ಬೊಬ್ಬರೇ ಮನೆಗೆ ಹೋದರು. ಇವರಿಗೆ ಮಾತ್ರ ಹೋಗುವಂತಿರಲಿಲ್ಲ. ಕೊನೆಗೆ ಹಡಗಿನಲ್ಲಿ ಒಬ್ಬರೇ ಉಳಿದರು. ಡೀಸೆಲ್ ಇಲ್ಲ, ಕರೆಂಟ್ ಇಲ್ಲ. 2020ರಲ್ಲಿ ಬಿರುಗಾಳಿಗೆ ಲಂಗರು ಕಿತ್ತು ಹಡಗು ದಡದ ಹತ್ತಿರ ಬಂದು ಕೂತಿತು. ಅದೇ ಅವರಿಗೆ ಅನುಕೂಲವಾಯಿತು. ಕೆಲವು ದಿನಕ್ಕೊಮ್ಮೆ ಈಜಿಕೊಂಡು ದಡಕ್ಕೆ ಹೋಗಿ, ಊಟ ತಂದು, ಫೋನ್ ಚಾರ್ಜ್ ಮಾಡಿಕೊಂಡು ಬರುತ್ತಿದ್ದರು. ಮನೆಗೆ ಹೋಗಿದ್ದು 2021ರ ಏಪ್ರಿಲ್‌ನಲ್ಲಿ. ಪೂರ್ತಿ ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡ ಅಂತ ನಿಮ್ಮ ತಮ್ಮನಿಗೆ ಇವತ್ತೇ ಹೇಳಿ. ಬರೆದವರು ಎಷ್ಟೇ ಒಳ್ಳೆಯವರಾಗಿ ಕಂಡರೂ ಸರಿ.

ಉಳಿದ ತಿದ್ದುಪಡಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2019ರ ಜನವರಿಯಿಂದ ಹಡಗಿನಲ್ಲಿ ಕಿರುಕುಳ, ದಬ್ಬಾಳಿಕೆ ತಡೆಯುವ ವಿಷಯ ಸೇರಿತು. 2020ರ ಡಿಸೆಂಬರ್‌ನಿಂದ, ಕಡಲ್ಗಳ್ಳರು ಒತ್ತೆ ಇಟ್ಟುಕೊಂಡಷ್ಟು ದಿನವೂ ಸಂಬಳ ನಿಲ್ಲಿಸುವಂತಿಲ್ಲ. ಕೋವಿಡ್ ಕಾಲದಲ್ಲಿ ಸುಮಾರು 4 ಲಕ್ಷ ನಾವಿಕರು ಕಾಂಟ್ರಾಕ್ಟ್ ಮುಗಿದರೂ ಇಳಿಯಲಾಗದೆ ಹಡಗಿನಲ್ಲೇ ಉಳಿದರು. ಆ ಪಾಠದಿಂದ ಬಂದದ್ದು 2024ರ ಡಿಸೆಂಬರ್ 23ರಂದು ಜಾರಿಯಾದ ತಿದ್ದುಪಡಿ. ಅದರಲ್ಲಿ ಮನೆಯವರ ಜೊತೆ ಮಾತಾಡಲು ಸಂಪರ್ಕದ ಸೌಲಭ್ಯ, ಒಳ್ಳೆಯ ಕುಡಿಯುವ ನೀರು ಪುಕ್ಕಟೆ, ಮೈಗೆ ಸರಿಹೊಂದುವ ಅಳತೆಯ ಸುರಕ್ಷಾ ಸಾಮಗ್ರಿ ಇವೆ. ಕೊನೆಯದು ಸಣ್ಣದು ಅನ್ನಿಸಬಹುದು. ಹೆಣ್ಣುಮಕ್ಕಳು ಗಂಡಸರ ಅಳತೆಯ ಬಾಯ್ಲರ್ ಸೂಟ್ ಹಾಕಿಕೊಂಡು ಏಣಿ ಹತ್ತುವುದನ್ನು ನೆನೆದರೆ ಸಣ್ಣದಲ್ಲ ಅಂತ ಗೊತ್ತಾಗುತ್ತದೆ. 2025ರ ಜೂನ್‌ನಲ್ಲಿ ಇನ್ನೊಂದು ಕಂತು ಅಂಗೀಕಾರವಾಗಿದೆ. ನಾವಿಕರನ್ನು ಅತ್ಯಗತ್ಯ ಕೆಲಸಗಾರರೆಂದು ಗುರುತಿಸುವುದು, ದಡಕ್ಕೆ ಇಳಿಯುವ ರಜೆಯನ್ನು ಸುಲಭ ಮಾಡುವುದು ಅದರಲ್ಲಿದೆ. ಅದು ಜಾರಿಯಾಗಬೇಕಿರುವುದು 2027ರ ಡಿಸೆಂಬರ್‌ನಲ್ಲಿ.

ಇಷ್ಟೆಲ್ಲ ಇದ್ದರೂ ಕೈಬಿಡುವುದು ನಿಂತಿಲ್ಲ. ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟ ಐಟಿಎಫ್ ಲೆಕ್ಕದಲ್ಲಿ 2024 ಒಂದೇ ವರ್ಷ 312 ಹಡಗುಗಳಲ್ಲಿ 3,000ಕ್ಕೂ ಹೆಚ್ಚು ನಾವಿಕರನ್ನು ಕೈಬಿಡಲಾಗಿದೆ. ಕಾರಣ ಕಾನೂನಿನ ತೂತುಗಳು. ಕೆಲವು ಹಡಗುಗಳು ಸುಳ್ಳು ಬಾವುಟ ಹಾರಿಸುತ್ತವೆ. ಆ ದೇಶದ ದಾಖಲೆಯಲ್ಲಿ ಹಡಗೇ ಇರುವುದಿಲ್ಲ. ಬೋರ್ಡಿನಲ್ಲಿರುವ ವಿಮೆ ಕಾಗದ ಸತ್ತು ವರ್ಷವಾಗಿರುತ್ತದೆ. ಮೀನುಗಾರಿಕೆ ದೋಣಿಗಳು, ಸಾಂಪ್ರದಾಯಿಕ ರೀತಿಯಲ್ಲಿ ಕಟ್ಟಿದ ಮರದ ಹಡಗುಗಳು ಎಂಎಲ್‌ಸಿ ವ್ಯಾಪ್ತಿಗೇ ಬರುವುದಿಲ್ಲ. ಇನ್ನೊಂದು ತೊಡಕು ಬಂದರಿನದ್ದು. ಲಂಗರಿನಲ್ಲಿರುವ ಹಡಗನ್ನು ಖಾಲಿ ಬಿಟ್ಟರೆ ಅಪಾಯ ಅಂತ, ಬದಲಿ ಜನ ಬರುವವರೆಗೆ ಕೊನೆಯ ಕೆಲವರನ್ನು ಇಳಿಯಲು ಬಿಡುವುದಿಲ್ಲ. ಕೈಬಿಟ್ಟ ನಾವಿಕರನ್ನು ಬೇಗ ಮನೆಗೆ ಕಳಿಸಲು ಬಂದರು, ಬಾವುಟ, ನಾವಿಕರ ದೇಶ ಮೂರೂ ಕೈಜೋಡಿಸಬೇಕು ಅಂತ 2024ರಲ್ಲಿ ಜಾರಿಯಾದ ತಿದ್ದುಪಡಿ ಹೇಳುತ್ತದೆ. ಬದಲಿಗೆ ಬರುವವರಿಗೂ ಅದೇ ಹಕ್ಕುಗಳು ಸಿಗಬೇಕು ಅಂತಲೂ ಇದೆ. ಇದು ಬರೀ ಕಾಗದದಲ್ಲಿ ಉಳಿಯದಿರಲು ಒತ್ತಡ ಹೇರುವವರು ಬೇಕು.

ನಿಮ್ಮ ತಮ್ಮ ಈಗ ಮಾಡಬೇಕಾದದ್ದು ಇಷ್ಟು. ಬೋರ್ಡಿನ ಪ್ರಮಾಣಪತ್ರದ ಫೋಟೋ ತೆಗೆಯಲಿ. ಕಾಂಟ್ರಾಕ್ಟ್, ಸಂಬಳದ ಲೆಕ್ಕದ ಹಾಳೆ, ಕಂಪನಿಯವರು ಕಳಿಸಿದ ಮೆಸೇಜುಗಳು ಎಲ್ಲದರ ಫೋಟೋ ನಿಮಗೆ ಕಳಿಸಲಿ. ಅವನ ಫೋನ್ ಚಾರ್ಜ್ ಹೋದರೂ ನಿಮ್ಮ ಹತ್ತಿರ ಇರುತ್ತದೆ. ಆಮೇಲೆ ವಿಮೆಯವರಿಗೆ, ಬಾವುಟದ ದೇಶದ ನೌಕಾ ಇಲಾಖೆಗೆ, ಆ ಬಂದರಿನ ತಪಾಸಣಾ ಅಧಿಕಾರಿಗಳಿಗೆ, ಐಟಿಎಫ್‌ಗೆ ಒಂದೇ ದಿನ ಬರೆಯಿರಿ. ಒಬ್ಬರ ಉತ್ತರಕ್ಕೆ ಕಾದು ಇನ್ನೊಬ್ಬರಿಗೆ ಬರೆಯುವುದು ಬೇಡ. ಅವನೊಬ್ಬನೇ ಬರೆಯುವುದಕ್ಕಿಂತ ಹಡಗಿನ ಎಲ್ಲರೂ ಸೇರಿ ಸಹಿ ಹಾಕಿದರೆ ಒಳ್ಳೆಯದು. ಬಂದರಿನ ಅಧಿಕಾರಿಗೆ ದೂರು ಕೊಟ್ಟವರ ಹೆಸರನ್ನು ಗುಟ್ಟಾಗಿಡಬೇಕು ಅಂತ ಎಂಎಲ್‌ಸಿಯಲ್ಲೇ ಇದೆ.

ಟಿಕೆಟ್ ಬಂದ ದಿನ ಏಜೆಂಟ್ ಒಂದು ಕಾಗದ ಮುಂದಿಡಬಹುದು. ‘ನನಗೆ ಬರಬೇಕಾದ್ದೆಲ್ಲ ಚುಕ್ತಾ ಆಗಿದೆ’ ಅಂತ ಅದರಲ್ಲಿ ಬರೆದಿದ್ದರೆ, ದುಡ್ಡು ಖಾತೆಗೆ ಬೀಳದೆ ಸಹಿ ಹಾಕುವುದು ಬೇಡ. ಇಳಿದು ಬಂದರೆ ಸಂಬಳದ ಹಕ್ಕು ಹೋಗುವುದಿಲ್ಲ ಅಂದೆನಲ್ಲ, ಇಂಥ ಸಹಿಯಿಂದ ಹೋಗಬಹುದು. ಹಾಕಲೇಬೇಕು ಅಂತ ಪಟ್ಟು ಹಿಡಿದರೆ, ಸಹಿಯ ಮೇಲೆಯೇ ‘ಇಷ್ಟು ತಿಂಗಳ ಸಂಬಳ ಬಾಕಿ ಇದೆ’ ಅಂತ ಕೈಯಲ್ಲಿ ಬರೆದು, ಫೋಟೋ ತೆಗೆದುಕೊಂಡು, ಆಮೇಲೆ ಹಡಗಿನ ಏಣಿ ಇಳಿಯಲಿ.