ಹಾಲ್‌ನಲ್ಲಿ ಚೆನ್ನಾಗಿರುವ ವೈಫೈ ಒಳಕೋಣೆಗೆ ಏಕೆ ತಲುಪುವುದಿಲ್ಲ?

ಓದುಗರ ಪ್ರಶ್ನೆ: ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಮ್ಮದು ಸಣ್ಣ ಫ್ಲ್ಯಾಟ್. ಹಾಲ್‌ನಲ್ಲಿ ವೈಫೈಗೆ ತೊಂದರೆಯಿಲ್ಲ, ಆದರೆ ಒಳಗಿನ ಬೆಡ್‌ರೂಮಿನಲ್ಲಿ ಮಗಳ ಆನ್‌ಲೈನ್ ತರಗತಿ ಮತ್ತೆ ಮತ್ತೆ ನಿಂತುಹೋಗುತ್ತದೆ. ಇಂಟರ್ನೆಟ್‌ನವರು ಹೆಚ್ಚು ವೇಗದ ಪ್ಲಾನ್ ತೆಗೆದುಕೊಳ್ಳಿ ಎನ್ನುತ್ತಾರೆ. ತೆಗೆದುಕೊಳ್ಳಬೇಕೇ?

ಉತ್ತರ: ಸದ್ಯಕ್ಕೆ ಬೇಡ. ಪ್ಲಾನ್ ಹೇಳುವುದು ನಿಮ್ಮ ಮನೆಯ ರೌಟರಿನವರೆಗೆ ಬರುವ ಇಂಟರ್ನೆಟ್‌ನ ವೇಗವನ್ನು ಮಾತ್ರ. ರೌಟರಿನಿಂದ ಒಳಕೋಣೆಯವರೆಗಿನ ದಾರಿಗೂ ಅದಕ್ಕೂ ಸಂಬಂಧವಿಲ್ಲ. ಸೊಸೈಟಿಯ ಟಾಕಿ ತುಂಬಿ ತುಳುಕುತ್ತಿದ್ದರೂ ಮನೆಯೊಳಗಿನ ಪೈಪು ಕಟ್ಟಿಕೊಂಡಿದ್ದರೆ ನಲ್ಲಿಯಲ್ಲಿ ನೀರು ಸಣ್ಣಗೇ ಬರುತ್ತದೆ.

ಆದ್ದರಿಂದ ಮೊದಲು ದೋಷ ಎಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರವಾಗಿ ರೌಟರಿಗೆ ಜೋಡಿಸಿ ವೇಗವನ್ನು ಅಳೆಯಿರಿ. ಕೇಬಲ್ ಇಲ್ಲದಿದ್ದರೆ ಮೊಬೈಲ್ ಹಿಡಿದು ರೌಟರಿನ ಪಕ್ಕದಲ್ಲೇ ನಿಂತು ನೋಡಿದರೂ ಸಾಕು. ಅಲ್ಲಿಯೂ ವೇಗ ಕಡಿಮೆಯಿದ್ದರೆ, ಅಥವಾ ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ (LOS, ಸಿಗ್ನಲ್ ಇಲ್ಲ) ಎಂಬ ಕೆಂಪು ದೀಪ ಮಿನುಗುತ್ತಿದ್ದರೆ, ದೋಷ ಹೊರಗಿನದು; ಅದನ್ನು ಸರಿಪಡಿಸಬೇಕಾದವರು ಸಂಪರ್ಕ ಕೊಟ್ಟವರೇ. ಕಟ್ಟಡದಿಂದ ಕಟ್ಟಡಕ್ಕೆ ತೂಗುಬಿಟ್ಟ ಕೇಬಲ್‌ಗಳಿರುವ ನಮ್ಮ ಕಡೆ ಮಳೆಗಾಲದಲ್ಲಿ ಇಂಥ ದೂರುಗಳು ಸಾಮಾನ್ಯ. ಆದರೆ ರೌಟರಿನ ಬಳಿ ಪೂರ್ತಿ ವೇಗ ಬಂದು ಒಳಕೋಣೆಯಲ್ಲಿ ಮಾತ್ರ ಕುಸಿಯುತ್ತಿದ್ದರೆ, ತೊಂದರೆ ನಿಮ್ಮ ಮನೆಯ ಗೋಡೆಗಳಲ್ಲಿದೆ. ನಿಮ್ಮ ಪ್ರಶ್ನೆಯನ್ನು ನೋಡಿದರೆ ಇದೇ ಕಾರಣವೆಂದು ನನಗನ್ನಿಸುತ್ತದೆ.

ಮೊಬೈಲ್ ತೋರಿಸುವ ಗೆರೆಗಳನ್ನು ನಂಬಿ ಕೂರಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅಳೆಯುವ ಉಚಿತ ಆ್ಯಪ್ ಹಾಕಿಕೊಂಡರೆ ಸಿಗ್ನಲಿನ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ, ಮೈನಸ್ ಅಂಕಿಯಾಗಿ ತೋರಿಸುತ್ತದೆ. ಮೈನಸ್ 50 ಬಹಳ ಚೆನ್ನಾಗಿದೆ. ಮೈನಸ್ 65ರ ಆಸುಪಾಸಿನವರೆಗೆ ವಿಡಿಯೊ ಕರೆ ನಿರಾತಂಕವಾಗಿ ನಡೆಯುತ್ತದೆ. ಮೈನಸ್ 80ಕ್ಕೆ ಇಳಿದರೆ ಸಂಪರ್ಕವಿದ್ದೂ ಇಲ್ಲದಂತೆ. ಈ ಲೆಕ್ಕದಲ್ಲಿ 10 ಅಂಕಿ ಇಳಿದರೆ ಬಲ ಹತ್ತರಲ್ಲೊಂದು ಭಾಗವಾಗುತ್ತದೆ, 20 ಇಳಿದರೆ ನೂರರಲ್ಲೊಂದು ಭಾಗ. ಹಾಲ್‌ನಿಂದ ಹೊರಟು ಒಂದೊಂದು ಹೆಜ್ಜೆಗೂ ಅಂಕಿಯನ್ನು ನೋಡುತ್ತಾ ಒಳಗೆ ನಡೆಯಿರಿ. ಯಾವ ಜಾಗದಲ್ಲಿ ಅದು ಒಮ್ಮೆಲೇ ಕುಸಿಯುತ್ತದೋ ಅಲ್ಲೇ ನಿಮ್ಮ ಅಡ್ಡಿ ಇದೆ.

ಮುಲುಂಡಿನ ನಮ್ಮ ಮನೆಯಲ್ಲಿ ನಾನು ಹೀಗೆ ನಡೆದು ನೋಡಿದಾಗ ಸಿಕ್ಕಿದ್ದು ಕಬ್ಬಿಣದ ಕಪಾಟು. ಸಂಪರ್ಕ ಕೊಡಲು ಬಂದ ಹುಡುಗ ಕೇಬಲ್ ಉಳಿಸಲೆಂದು ಬಾಗಿಲಿನ ಮೇಲೆ, ಮೀಟರಿನ ಪೆಟ್ಟಿಗೆಗೆ ತಾಗಿಸಿ ರೌಟರನ್ನು ಮೊಳೆ ಹೊಡೆದು ನಿಲ್ಲಿಸಿದ್ದ. ಅಲ್ಲಿಂದ ಒಳಕೋಣೆಗೆ ಗೆರೆ ಎಳೆದರೆ ಅದು ಬಾತ್‌ರೂಮಿನ ಗೋಡೆಯನ್ನು ಓರೆಯಾಗಿ ಹಾದು, ಅಟ್ಟದ ಮೇಲಿನ ನೀರಿನ ಟಾಕಿಯನ್ನು ದಾಟಿ, ಕಪಾಟಿನ ಬೆನ್ನಿಗೆ ಬಡಿಯುತ್ತಿತ್ತು. ಲೋಹ ಅಲೆಯನ್ನು ಹಿಂದಕ್ಕೆ ತಿರುಗಿಸುತ್ತದೆ, ನೀರು ಹೀರಿಕೊಳ್ಳುತ್ತದೆ, ಕಬ್ಬಿಣದ ಸರಳಿರುವ ಕಾಂಕ್ರೀಟು ಎರಡನ್ನೂ ಅಷ್ಟಷ್ಟು ಮಾಡುತ್ತದೆ. ಗೋಡೆಯನ್ನು ನೇರವಾಗಿ ದಾಟುವುದಕ್ಕೂ ಓರೆಯಾಗಿ ದಾಟುವುದಕ್ಕೂ ಬಹಳ ವ್ಯತ್ಯಾಸವಿದೆ: 9 ಇಂಚಿನ ಗೋಡೆ ತೀರಾ ಓರೆಯಲ್ಲಿ 18 ಇಂಚಿನದಾಗುತ್ತದೆ. ರೌಟರನ್ನು ನಾಲ್ಕು ಅಡಿ ಸರಿಸಿ ಪ್ಯಾಸೇಜಿನ ಬಾಯಿಗೆ ತಂದು, ಕಪಾಟನ್ನು ಎದುರಿನ ಗೋಡೆಗೆ ಇಟ್ಟ ಮೇಲೆ ಮೈನಸ್ 79 ಇದ್ದದ್ದು ಮೈನಸ್ 64ಕ್ಕೆ ಬಂದಿತು. ಅದಕ್ಕೆ ಒಂದು ರೂಪಾಯಿಯ ಖರ್ಚೂ ಆಗಲಿಲ್ಲ.

ಆದುದರಿಂದ ಏನನ್ನಾದರೂ ಕೊಳ್ಳುವ ಮೊದಲು ರೌಟರಿನ ಜಾಗ ಬದಲಾಯಿಸಿ ನೋಡಿ. ಟಿವಿಯ ಹಿಂದೆ, ಫ್ರಿಜ್ಜಿನ ಮೇಲೆ, ಶೋಕೇಸಿನ ಒಳಗೆ ಇಡಬಾರದು. ಐದಾರು ಅಡಿ ಎತ್ತರದಲ್ಲಿ, ಮನೆಯ ನಡುವಿಗೆ ಹತ್ತಿರವಾಗಿ, ತೆರೆದ ಜಾಗದಲ್ಲಿರಬೇಕು. ಸರಿಸುವಾಗ ತೆಳುವಾದ ಫೈಬರ್ ಎಳೆಯನ್ನು ಬಿಗಿಯಾಗಿ ಮಡಚಬೇಡಿ, ಮಡಿಕೆಯಲ್ಲಿ ಬೆಳಕು ಸೋರಿಹೋಗುತ್ತದೆ. ಆಂಟೆನಾದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆಯಿದೆ. ಹಲವರು ಅದರ ತುದಿಯನ್ನು ಬೇಕಾದ ಕೋಣೆಯ ಕಡೆಗೆ ಗುರಿಯಿಟ್ಟು ಬಾಗಿಸುತ್ತಾರೆ. ಆದರೆ ಅಲೆ ಹೊಮ್ಮುವುದು ಕಡ್ಡಿಯ ಸುತ್ತಲಿನಿಂದ. ತುದಿಯ ನೇರದಲ್ಲಿ ಅದು ಅತ್ಯಂತ ಕ್ಷೀಣ. ಉದ್ದಿನ ವಡೆಯ ತೂತಿನಲ್ಲಿ ಕಡ್ಡಿ ಸಿಕ್ಕಿಸಿದಂತೆ ಊಹಿಸಿಕೊಳ್ಳಿ: ವಡೆ ಇರುವಲ್ಲೆಲ್ಲ ಸಿಗ್ನಲ್ ಇದೆ. ಒಂದೇ ಮಹಡಿಯ ಫ್ಲ್ಯಾಟಿಗೆ ಆಂಟೆನಾ ನೆಟ್ಟಗೆ ನಿಂತಿರುವುದೇ ಸರಿ.

ಇನ್ನು ತರಂಗದ ಮಾತು. ಈಗಿನ ಬಹುಪಾಲು ರೌಟರುಗಳು 2.4 ಮತ್ತು 5 ಗಿಗಾಹರ್ಟ್ಜ್ ಎಂಬ ಎರಡು ತರಂಗಗಳಲ್ಲಿ ಕೆಲಸ ಮಾಡುತ್ತವೆ. 5ರಲ್ಲಿ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ, 2.4 ದೂರ ಹೋಗುತ್ತದೆ, ಆದರೆ ನಮ್ಮ ಸೊಸೈಟಿಗಳಲ್ಲಿ ಅಕ್ಕಪಕ್ಕದ, ಮೇಲೆ ಕೆಳಗಿನ ಮನೆಗಳ ರೌಟರುಗಳೆಲ್ಲ ಅದರಲ್ಲೇ ಕಿಕ್ಕಿರಿದಿರುತ್ತವೆ, ಮೈಕ್ರೋವೇವ್ ಒಲೆಯೂ ಅದೇ ತರಂಗದ ಆಸುಪಾಸಿನಲ್ಲಿ ಗದ್ದಲ ಮಾಡುತ್ತದೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಈ ಮೂರೇ. ಆ್ಯಪ್‌ನಲ್ಲಿ ಯಾವುದು ಖಾಲಿಯಿದೆಯೋ ನೋಡಿ, ರೌಟರಿನ ಸೆಟ್ಟಿಂಗ್‌ನಲ್ಲಿ ಅದನ್ನು ಆರಿಸಿ, ಚಾನೆಲಿನ ಅಗಲವನ್ನು 20 ಮೆಗಾಹರ್ಟ್ಜ್‌ಗೆ ಇಡಿ. ಎರಡೂ ತರಂಗಗಳಿಗೆ ಬೇರೆ ಬೇರೆ ಹೆಸರು ಕೊಟ್ಟರೆ ಮಗಳ ಕೋಣೆಯಲ್ಲಿ ಯಾವುದು ಚೆನ್ನಾಗಿ ನಡೆಯುತ್ತದೆ ಎಂಬುದು ಒಂದೇ ದಿನದಲ್ಲಿ ತಿಳಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಅಂಕಿ ಮೈನಸ್ 75ರ ಮೇಲೇರದಿದ್ದರೆ ಅಂಗಡಿಯವರು ಸಾಮಾನ್ಯವಾಗಿ ಸಿಗ್ನಲನ್ನು ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್ ಕೊಡುತ್ತಾರೆ. ಅಗ್ಗದ ಎಕ್ಸ್‌ಟೆಂಡರ್ ಒಂದೇ ತರಂಗದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲೇ ಸಿಕ್ಕಿಸಿದರಂತೂ ಅದಕ್ಕೆ ಹಂಚಲು ಏನೂ ಇರುವುದಿಲ್ಲ. ನನ್ನ ಸಲಹೆ ತಂತಿ. ರೌಟರಿನಿಂದ ಒಳಕೋಣೆಯವರೆಗೆ ಬಾಗಿಲಿನ ಚೌಕಟ್ಟಿನ ಅಂಚಿನಲ್ಲಿ ಒಂದು ಕ್ಯಾಟ್ 6 ಲ್ಯಾನ್ ಕೇಬಲ್ ಎಳೆಸಿ. 100 ಮೀಟರಿನವರೆಗೆ ಅದು ಪೂರ್ತಿ ಗಿಗಾಬಿಟ್ ವೇಗವನ್ನು ಒಯ್ಯುತ್ತದೆ, ನಿಮಗೆ ಬೇಕಾಗುವುದು ಅದರಲ್ಲಿ ಎಲ್ಲೋ ಒಂದಿಷ್ಟು. ಆ ತುದಿಗೆ ಮೂಲೆ ಸೇರಿರುವ ಹಳೆಯ ರೌಟರನ್ನೇ ಜೋಡಿಸಬಹುದು: ಅದನ್ನು ಆಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದದ್ದನ್ನು ವೈಫೈಯಾಗಿ ಹರಡುವ) ಮೋಡ್‌ಗೆ ಹಾಕಬೇಕು; ಆ ಸೌಲಭ್ಯವಿಲ್ಲದಿದ್ದರೆ ಅದರ ಐಪಿ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಅಂಕಿ) ಮೊದಲ ರೌಟರಿನದಕ್ಕಿಂತ ಬೇರೆ ಮಾಡಿ, ಉಪಕರಣಗಳಿಗೆ ಇಂಥ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಕೇಬಲನ್ನು ಹೊರಗಿನ ಇಂಟರ್ನೆಟ್‌ಗೆಂದಿರುವ ವ್ಯಾನ್ (WAN) ತೂತಿಗಲ್ಲ, ಲ್ಯಾನ್ ತೂತಿಗೆ ಸಿಕ್ಕಿಸಬೇಕು. ಹೆಸರು ಮತ್ತು ಪಾಸ್‌ವರ್ಡ್ ಎರಡು ರೌಟರುಗಳಲ್ಲೂ ಒಂದೇ ಇರಲಿ, ಚಾನೆಲ್ ಮಾತ್ರ ಬೇರೆಯಿರಲಿ. ಹಳೆಯ ರೌಟರಿನ ತೂತು 100 ಎಂಬಿಪಿಎಸ್‌ನದಾಗಿದ್ದರೂ ತರಗತಿಗೆ ಧಾರಾಳವಾಯಿತು. ಮಗಳ ಮೇಜಿನ ಪಕ್ಕದಲ್ಲೇ ಅದನ್ನಿಟ್ಟರೆ ಲ್ಯಾಪ್‌ಟಾಪಿಗೆ ನೇರ ಕೇಬಲನ್ನೂ ಕೊಡಬಹುದು. ಪರೀಕ್ಷೆಯ ದಿನ ಹಾಗೆಯೇ ಮಾಡಿ.